ಮಗುಚಿದ ಬಟ್ಟಲು

ಸೀತು ಗೋಣಿತುಂಡಿನಿಂದ ಹಂಚಿನ ಮೇಲಿನ ಬೂದಿ ಒರೆಸುತ್ತಿದ್ದಳು. ಒರೆಸಿ, ಕಿವಿಯ ಹತ್ತಿರ ತಂದು, ಬೆರಳ ಗಂಟಿನಿಂದ ಒಮ್ಮೆ ತಟ್ಟುವಳು. ಗಟ್ಟಿಯಿದ್ದದ್ದು ಬಲಕ್ಕೆ, ಒಡಕಿನದ್ದು ಎಡಕ್ಕೆ.

ಕುಂದಾಪುರದ ಹೊಳೆಬದಿಯ ಆ ಹಂಚಿನ ಕಾರ್ಖಾನೆಯಲ್ಲಿ ಆರು ವರ್ಷದಿಂದ ಅವಳದ್ದು ಇದೇ ಕೆಲಸ.

ಎಡಕ್ಕಿಟ್ಟ ಒಂದು ಹಂಚನ್ನು ಯಾರೋ ಎತ್ತಿಕೊಂಡರು.

"ಇದಕ್ಕೆಂತ ಆಯ್ತ್? ಚಂದ ಇತ್ತಲೆ."

ಭಟ್ಟಿಗೆ ಸೌದೆ ಹಾಕಲು ಹೊಸದಾಗಿ ಬಂದಿದ್ದ ಚಂದು. ಬಾರ್ಕೂರಿನವನು.

ಸೀತು ಹಂಚನ್ನು ಕಿತ್ತುಕೊಂಡು ಅವನ ಕಿವಿಯ ಹತ್ತಿರ ಹಿಡಿದು ತಟ್ಟಿದಳು. ದಬ್ ಎಂದಿತು. ಬಲಗಡೆಯ ಒಂದನ್ನು ತಟ್ಟಿದಳು. ಠಣ್ ಎಂದಿತು.

ಅವನು ನಗಲಿಲ್ಲ. ಕಣ್ಣು ಮುಚ್ಚಿ, "ಇನ್ನೊಂದ್ ಸಲ" ಎಂದ.

ಅವನ ಕೆನ್ನೆಯಿಂದ ಭಟ್ಟಿಯ ಬಿಸಿ ಇನ್ನೂ ಬರುತ್ತಿತ್ತು. ಸೀತು ಹಂಚನ್ನು ಕೆಳಗಿಟ್ಟು ಬೆನ್ನು ತಿರುಗಿಸಿ ಕೂತಳು. ಆದರೆ ಸಂಜೆಯವರೆಗೂ ಆ ಠಣ್ ಅವಳ ಕಿವಿ ಬಿಡಲಿಲ್ಲ...

ಅದು ಅರವತ್ತೊಂಬತ್ತರ ಸಂಕ್ರಾಂತಿಯ ಸುಮಾರಿಗೆ. ಬೇಸಿಗೆ ಬರುವಷ್ಟರಲ್ಲಿ ದಿನಕ್ಕೊಂದು ಹಂಚು ಹಿಡಿದು ಬಂದು "ಇದ್ ಹ್ಯಾಂಗಿತ್ತ್?" ಎಂದು ಕೇಳುವುದು ಅವನಿಗೂ, ತಟ್ಟಿ ತೋರಿಸುವುದು ಅವಳಿಗೂ ರೂಢಿಯಾಗಿತ್ತು.

ಏಪ್ರಿಲ್‌ನಲ್ಲಿ ಒಬ್ಬ ಬಿಳಿ ಹೆಂಗಸು ಕಾರ್ಖಾನೆ ನೋಡಲು ಬಂದಳು. ಗಂಜಿ ಹೊತ್ತಿಗೆ ಕೆಲಸದವರ ಜೊತೆ ನೆಲದಲ್ಲೇ ಕೂತು, ಚೀಲದಿಂದ ಇಸ್ಪೀಟಿಗಿಂತ ಉದ್ದದ ಚಿತ್ರದ ಎಲೆಗಳನ್ನು ತೆಗೆದಳು. ಇಂಗ್ಲಿಷ್ ಬಲ್ಲ ರೈಟರ್ ಭೋಜರಾಜ ಅರ್ಥ ಹೇಳಿದ.

"ಇವ್ರ ಊರಗೆ ಹಳೇ ದೇವ್ರನ್ನ ನಂಬುವರ್ ಇದ್ರಂಬ್ರ್. ನಾಣ್ಯ ಅಂದ್ರೆ ಮಣ್ಣ್, ಬಡಗು ದಿಕ್ಕಿಗ್. ಕತ್ತಿ ಅಂದ್ರೆ ಗಾಳಿ, ಮೂಡಿಗ್. ಕೋಲ್ ಅಂದ್ರೆ ಬೆಂಕಿ, ತೆಂಕಿಗ್. ಬಟ್ಲ್ ಅಂದ್ರೆ ನೀರ್, ಪಡುವಿಗ್. ಮನ್ಸಗೆ ಒಂದ್ ಪ್ರಶ್ನೆ ಇಟ್ಕಂಡ್ ಎಲೆ ಎಳುದಂಬ್ರ್."

ಸೀತುವಿನ ನೆರೆಮನೆಯ ಜಲಜ ಗಂಜಿ ಸುರಿಯುತ್ತಾ ಹೇಳಿದಳು, "ಮಣ್ಣ್, ನೀರ್, ಗಾಳಿ, ಬೆಂಕಿ... ಹಂಚ್ ಮಾಡುಕೆ ಬೇಕಾದ್ದೇ ಅಲ್ದಾ? ಇದನ್ ಹೇಳುಕೆ ಇವ್ಳ್ ಅಷ್ಟ್ ದೂರದಿಂದ ಬರ್ಕಾ?"

ಎಲ್ಲರೂ ನಕ್ಕರು. ನಗುವಿನ ನಡುವೆ ಜಲಜ ಸೀತುವನ್ನು ಮುಂದಕ್ಕೆ ತಳ್ಳಿದಳು. ಅಷ್ಟರಲ್ಲಿ ಭೋಜರಾಜನನ್ನು ಆಫೀಸಿಗೆ ಕರೆದರು.

ಬಿಳಿ ಹೆಂಗಸು ಎದುರಿಗೆ ಕೂತಿದ್ದಳು. ಅವಳ ಬೆನ್ನ ಹಿಂದಿನ ಕಂಬಕ್ಕೆ ಒರಗಿ ಚಂದು ನಿಂತಿದ್ದ.

ಸೀತು ದೇವಸ್ಥಾನದಲ್ಲಿ ಹೂ ಕೇಳುವ ಹಾಗೆ ಮನಸ್ಸಿನಲ್ಲೇ ಕೇಳಿದಳು. ದೇವರ ಬಲಗಡೆಯ ಹೂ ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುವ ಹಾಗಿಲ್ಲ.

'ಚಂದು ನನಗೆ ಆಗಿಬರುತ್ತಾರಾ?'

ಅವಳು ಎಳೆದ ಎಲೆಯನ್ನು ಆಕೆ ನೆಲದ ಮೇಲೆ ತೆರೆದಿಟ್ಟಳು.

ಬಟ್ಟಲು. ಬಾಯಿ ಕೆಳಗೆ, ಬುಡ ಮೇಲೆ. ಮಗುಚಿದ ಬಟ್ಟಲು.

ಆಕೆ ನಕ್ಕು ಏನೋ ಹೇಳಿದಳು. ಸೀತುವಿಗೆ ಅದರ ಅರ್ಥ ಬೇಕಿರಲಿಲ್ಲ. ಅವಳ ಅಪ್ಪ ಕೋಡಿಯಲ್ಲಿ, ಹೊಳೆ ಕಡಲು ಸೇರುವ ಅಳಿವೆಯಲ್ಲಿ, ದೋಣಿ ಮಗುಚಿಯೇ ಹೋದದ್ದು. ಇವರನ್ನೂ ನೀರು ಬಿಡುವುದಿಲ್ಲವಾ... ನನ್ನ ಹತ್ತಿರ ಬಂದರೆ?

ಅದೇ ಸಂಜೆ ಚಂದು ಗೇಟಿನ ಹತ್ತಿರ ಕಾದಿದ್ದ.

"ಐತ್ವಾರ ಅಬ್ಬಿನ ನಿಮ್ಮನಿಗ್ ಕರ್ಕಂಡ್ ಬತ್ತೆ. ಆತ್ತಾ?"

ತಾಯಿಯನ್ನು ಕರೆತರುವುದೆಂದರೆ ಹೆಣ್ಣು ಕೇಳುವುದೇ.

"ಬ್ಯಾಡ."

"ಎಂತಕೆ?"

"ಬ್ಯಾಡ ಅಂದ್ರೆ ಬ್ಯಾಡ."

ಅವನು ಮತ್ತೆ ಕೇಳಲಿಲ್ಲ. ಮರುದಿನದಿಂದ ಹಂಚು ಹಿಡಿದು ಬರಲೂ ಇಲ್ಲ.

ಮುಂದಿನ ಹದಿನೈದು ದಿನ ಸೀತುವಿಗೆ ಕೂತಲ್ಲಿ ಕೂರಲಾಗಲಿಲ್ಲ. ನೀರು ಕುಡಿಯಲು ಎದ್ದು ಹೋಗಿ ಕುಡಿಯದೆ ಬರುವಳು. ತಟ್ಟಿದ ಹಂಚನ್ನೇ ಮತ್ತೆ ತಟ್ಟುವಳು. ಭಟ್ಟಿಯ ಕಡೆ ನೋಡಬಾರದೆಂದು ಹೊಳೆಯ ಕಡೆ ನೋಡಿದರೆ ಅಲ್ಲಿ ಬರೀ ನೀರು.

"ಹೆಣ್ಣೆ, ಗಟ್ಟಿ ಹಂಚೆಲ್ಲ ಎಡಕ್ ಹಾಕ್ತಾ ಇದ್ಯಲೆ," ಎಂದಳು ಜಲಜ. "ನಿನ್ ಕಿವಿ ಎಲ್ಲಿಗ್ ಹೋಯ್ತ್? ಬಾರ್ಕೂರಿಗಾ?"

ಸೀತು ಇನ್ನೊಂದು ಹಂಚು ಎತ್ತಿಕೊಂಡಳು.

"ಅವ ನಾಳೆ ಮಂಜಿ ಹತ್ತುದಂಬ್ರ್. ಹಂಚಿನ್ ಒಟ್ಟಿಗೇ ಬೊಂಬಾಯಿಗ್. ಈಜುಕೂ ಬತ್ತಿಲ್ಲೆ ಮಾರಾಯ್ತಿ ಅವ್ನಿಗ್."

ಸೀತುವಿನ ಕೈಯಲ್ಲಿದ್ದ ಹಂಚು ಜಾರಿ ಎರಡು ತುಂಡಾಯಿತು.

'ನೀರಿನಿಂದ ಉಳಿಸಬೇಕೆಂದು ಬೇಡ ಎಂದೆ. ನಾನೇ ನೀರಿಗೆ ತಳ್ಳಿದೆನಾ...'

ಮರುದಿನ ಬೆಳಿಗ್ಗೆ ಹಂಚು ಒಯ್ಯುವ ದೊಡ್ಡ ಹಾಯಿದೋಣಿ, ಮಂಜಿ, ಹೊಳೆಯ ಕಟ್ಟೆಗೆ ತಾಗಿ ನಿಂತಿತ್ತು. ಹಾಯಿ ಇನ್ನೂ ಬಿಚ್ಚಿರಲಿಲ್ಲ. ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಹಂಚು ದಾಟಿಸುತ್ತಿದ್ದರು. ಮಂಜಿಯ ಯಜಮಾನ ಗುಡ್ಡಣ್ಣ ಆಗಾಗ ಹೊಳೆಯ ಇಳಿತ ನೋಡುತ್ತಿದ್ದ.

ಕೊನೆಯ ಅಟ್ಟಿಯ ಕೊನೆಯ ಹಂಚು ಸೀತುವಿನ ಕೈಗೆ ಬಂತು. ಬೆರಳಿಗೆ ಏನೋ ತಡೆಯಿತು. ಮಗುಚಿ ನೋಡಿದಳು. ಒಳಬದಿಯಲ್ಲಿ, ಮನೆಯೊಳಗೆ ಮಲಗಿ ಮಾಡಿನ ಹಂಚು ನೋಡಿದವರಿಗಷ್ಟೇ ಕಾಣುವ ಬದಿಯಲ್ಲಿ, ಒಂದು ಬಟ್ಟಲು ಗೀರಿತ್ತು.

ತಟ್ಟಿದಳು. ಠಣ್.

ಚಂದು ಆಗಲೇ ಮಂಜಿಯ ಹಲಗೆ ಇಳಿದು, ಕಟ್ಟೆಗೆ ಕಟ್ಟಿದ ಹಗ್ಗ ಬಿಚ್ಚಲು ಬಂದಿದ್ದ.

"ಹ್ವಾಯ್..."

ಜನ್ಮದಲ್ಲಿ ಮೊದಲ ಸಲ ಸೀತು ಒಬ್ಬ ಗಂಡಸನ್ನು ಕೂಗಿ ಕರೆದಿದ್ದಳು. ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿದರು.

"ಇದ್ ಯಾರ್ ಗೀರಿದ್ದ್?"

"ನಾನೇ. ಹಂಚ್ ಹಸಿ ಇಪ್ಪ ಹೊತ್ತಿಗೆ. ಅವತ್ ನಿಂಗ್ ಬಂದ್ ಎಲೆ ಅಲ್ದಾ? ಬಟ್ಲ್."

"ಅದ್ ಮಗುಚಿ ಬಿದ್ದಿತ್."

"ಇಲ್ಲೆ. ಸಮಾ ಬಿದ್ದಿತ್."

"ನನ್ ಕಣ್ಣಾರೆ ಕಂಡಿದ್ದೆ."

"ನೀ ಎಲ್ಲ್ ಕೂಕಂಡಿದ್ದೆ? ಆ ಬಿಳಿ ಹೆಂಗ್ಸಿನ್ ಎದ್ರಿಗ್. ನಾನ್ ಅವ್ಳ್ ಹಿಂದ್ ನಿಂತಿದ್ದೆ."

ಅವನು ಹಂಚನ್ನು ಇಬ್ಬರ ನಡುವೆ ನೆಲದ ಮೇಲಿಟ್ಟ. ಸೀತುವಿಗೆ ಬಟ್ಟಲಿನ ಬುಡ ಮೇಲಾಗಿ ಕಂಡಿತು.

"ಈಗ ಈಚಿ ಬಾ."

ಅವಳು ಸುತ್ತಿ ಬಂದು ಅವನ ಪಕ್ಕ ನಿಂತಳು. ಬಟ್ಟಲು ನೆಟ್ಟಗೆ, ಬಾಯಿ ಮೇಲಾಗಿ ಇತ್ತು.

ಅದಕ್ಕೇ ಆಕೆ ನಕ್ಕದ್ದಾ... ಇಷ್ಟು ದಿನ ನಾನು ಆಚೆ ಬದಿ ಕೂತೇ ಅತ್ತೆನಾ?

"ನನ್ ಅಪ್ಪಯ್ಯ ನೀರಗೇ ಹೋದ್ದ್," ಎಂದಳು. "ನೀವೂ ಹಂಗೇ ಹೋತ್ರಿ ಅಂತ ಹೆದ್ರಿಕಿ ಆಯ್ತ್. ಅದ್ಕೇ..."

"ನಾ ಬ್ಯಾಡ ಅಂತಲ್ದಾ?"

"ಅಲ್ಲ."

"ಹಂಗಾರೆ ಎಂತ ಬೇಕ್ ನಿಂಗ್? ಬಾಯ್ ಬಿಟ್ ಹೇಳ್."

ಸೀತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಐತ್ವಾರ... ಅಬ್ಬಿನ ಕರ್ಕಂಡ್ ಬನ್ನಿ."

ಚಂದು ಹಲಗೆ ಹತ್ತಿ ಮಂಜಿಗೆ ಹೋದ. ಅವನು ತನ್ನ ಬಟ್ಟೆಗಂಟು ಎತ್ತಿಕೊಂಡು ಇಳಿದು ಬಂದು, ಅದನ್ನು ಅವಳ ಕಾಲ ಬಳಿ ಇಟ್ಟ. ಆಮೇಲೆ ಹಂಚನ್ನು ಕೈಗೆತ್ತಿಕೊಂಡ.

"ಇದನ್ನ ಮಂಜಿಗ್ ಹಾಕುದಾ?"

"ಬ್ಯಾಡ. ಇದ್ ನಮ್ಮನಿ ಮಾಡಿಗ್."

"ಯಾರ್ ಮನಿ?"

ಅವಳು ಹಂಚನ್ನು ಅವನ ಕೈಯಿಂದ ತೆಗೆದುಕೊಂಡು ಎದೆಗೆ ಒತ್ತಿ ಹಿಡಿದಳು. ಅವನು ಅವಳನ್ನೇ ನೋಡುತ್ತಾ ನಿಂತ.

ಮಂಜಿಯ ಮೇಲಿಂದ ಗುಡ್ಡಣ್ಣ ಎರಡನೇ ಸಲ ಕೂಗಿದ.

"ಹ್ವಾಯ್ ಚಂದು, ನೀ ಬಾರ್ದಿರೆ ಬ್ಯಾಡ, ಆ ಹಗ್ಗ ಒಂಚೂರ್ ಬಿಚ್ಚಿ ಕೊಡಾ."