ಬುಧವಾರದ ಜೇನುಪೆಟ್ಟಿಗೆ

ಅನುಶ್ರೀಗೆ ಬಸ್ಸು ಫ್ರೀ. ಅವಳ ತೊಡೆಯ ಮೇಲಿದ್ದ ಜೇನುಪೆಟ್ಟಿಗೆಗೆ ಮಾತ್ರ ಲಗೇಜ್ ಟಿಕೆಟ್ ಆಗಬೇಕೆಂದು ಕಂಡಕ್ಟರ್ ಪಟ್ಟು ಹಿಡಿದಿದ್ದ.

"ಖಾಲಿ ಪೆಟ್ಟಿಗೆ ಮಾರಾಯ್ರೆ, ಒಳಗೆ ಒಂದು ಹುಳವೂ ಇಲ್ಲ," ಎಂದಳು ಅವಳು. "ಮೊನ್ನೆ ತುಂಬಿದ ಜೇನು ಮಾರನೇ ದಿನವೇ ಹಾರಿ ಹೋದ್ವು. ನೋಡೂಕೆ ದೇವರ ಮಂಟಪದಂಗೆ ಅದೆ. ಯಾವನೋ ಕೆಲ್ಸ ಇಲ್ದವ ಶೋಕಿಗೆ ಮಾಡಿದ್ದು. ಸಿದ್ದಾಪುರದಲ್ಲಿ ಆನಂದನ ಅಂಗ್ಡಿಗೇ ವಾಪಸ್ ಕೊಡೂಕೆ ಹೊಂಟಿದೀನಿ."

ಕಂಡಕ್ಟರನ ಬೆರಳು ಟಿಕೆಟ್ ಮಷಿನ್ನಿನ ಮೇಲೆ ಹಾಗೇ ನಿಂತಿತು. ಹಿಂದಿನ ಸೀಟಿಗೆ ಕೇಳದ ಹಾಗೆ ಬಗ್ಗಿ, "ಒಳಗೆ ವಾರ್ನಿಷ್ ಹಚ್ಚಿದ್ದು ತಪ್ಪಾಯ್ತಾ?" ಎಂದು ಕೇಳಿದ.

"ಮತ್ತೆ? ಆ ವಾಸ್ನೆಗೆ ಮನುಷ್ಯರೇ ನಿಲ್ಲೂದಿಲ್ಲ, ಪಾಪ, ಹುಳ ಎಲ್ಲಿ ನಿಲ್ತವೆ?" ಎಂದವಳು ಅರ್ಧಕ್ಕೇ ನಿಲ್ಲಿಸಿದಳು. "ವಾರ್ನಿಷ್ ಅಂತ ನಿಮಗೆ ಹೆಂಗೆ ಗೊತ್ತು?"

"ಆ ಕೆಲ್ಸ ಇಲ್ದವ ನಾನೇ," ಎಂದ ಅವನು. "ಎಂಟು ತಿಂಗ್ಳು ಹಿಡೀತು ಅದಕ್ಕೆ."

ಅನುಶ್ರೀ ನಾಲಿಗೆ ಕಚ್ಚಿಕೊಂಡಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಇಲ್ಲಿ ದೊಣ್ಣೆ ಬೀಸಿದ್ದು ಅವಳ ಬಾಯಿ. ಕಂಡಕ್ಟರ್ ಮುಖ ಸಣ್ಣದು ಮಾಡಿಕೊಂಡ. ಲಗೇಜ್ ಟಿಕೆಟ್ ಮಾತ್ರ ಹರಿದೇ ಕೊಟ್ಟ.

ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಹೇಳಿದ, "ನನ್ನ ಹೆಸ್ರು ವಿಶ್ವೇಶ್ವರ. ಬುಧವಾರ ನನಗೆ ರಜೆ. ಜೇನಿಗೆ ಎಂಥ ಬೇಕು, ಎಂಥ ಬೇಡ ಅಂತ ನೀವು ಬಂದು ಹೇಳಿದ್ರೆ ಇನ್ನೊಂದು ಮಾಡ್ಕೊಡ್ತೆ, ಅನುಶ್ರೀಯವ್ರೆ."

"ನನ್ನ ಹೆಸ್ರು?"

"ದಿನಾ ಆಧಾರ್ ಕಾರ್ಡ್ ತೋರಿಸ್ತ್ರಲ್ಲ."

ಮನ್ಮನೆ ಎಂಬ ಅವಳ ಊರಿನ ಮನೆಯಲ್ಲಿ ಅವಳದೇ ಐದು ಖಾಲಿ ಪೆಟ್ಟಿಗೆಗಳಿದ್ದವು. ಹಾಗಿದ್ದೂ ಹ್ಞೂಂ ಎಂದಳು. ದಿನವಿಡೀ "ಮುಂದೆ ಹೋಗ್ರಿ, ಮುಂದೆ ಹೋಗ್ರಿ" ಎಂದು ಕೂಗುವ ಮನುಷ್ಯ ಒಂದು ಪೆಟ್ಟಿಗೆಯ ಜೊತೆ ಎಂಟು ತಿಂಗಳು ಏನು ಮಾಡುತ್ತಾನೆ ಎಂಬ ಕುತೂಹಲ ಅವಳನ್ನು ಬಿಡಲಿಲ್ಲ.

ಅವನ ಮನೆ ಸಿದ್ದಾಪುರದ ಅಂಚಿನಲ್ಲಿತ್ತು. ಹಿತ್ತಲ ಸೌದೆ ಕೊಟ್ಟಿಗೆಯ ಅರ್ಧದಲ್ಲಿ ಸೌದೆ, ಇನ್ನರ್ಧದಲ್ಲಿ ಅವನ ಮೇಜು, ಉಳಿ, ಗರಗಸ. ಅವನ ಅಮ್ಮ ಹೊರಗೆ ಕಟ್ಟೆಯ ಮೇಲೆ ಹೂ ಕಟ್ಟುತ್ತ, ಒಳಗೆ ಬಂದವಳನ್ನು ಕಡೆಗಣ್ಣಿನಲ್ಲಿ ಅಳೆದು, ಬೆಲ್ಲದ ಚಹಾ ತಂದಿಟ್ಟಳು.

ಅನುಶ್ರೀ ಎಲ್ಲ ವಿವರಿಸಿದಳು. ಒಳಗೆ ಬಣ್ಣ ಬೇಡ, ಪಾಲಿಶ್ ಬೇಡ, ಒಂದಿಷ್ಟು ಜೇನುಮೇಣ ಉಜ್ಜಿದರೆ ಸಾಕು. ವಿಶ್ವೇಶ್ವರ ತಲೆಯಾಡಿಸಿ ಹಲಸಿನ ಹಲಗೆಯನ್ನು ಮೇಜಿಗೆ ಬಿಗಿದು ಕೀಸುಳಿ ಹಿಡಿದ. ಅಲ್ಲಿಗೆ ಅವನ ಮಾತು ನಿಂತಿತು.

ಅವಳಿಗೆ ನೋಡುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ, ನೋಡಿದಳು. ಕಿವಿಯ ಮೇಲೆ ಮೋಟು ಪೆನ್ಸಿಲ್ಲು, ಹುಬ್ಬಿನ ತುಂಬ ಹಳದಿ ಹುಡಿ. ಕೀಸುಳಿ ಮುಂದೆ ಹೋಗುವಾಗ ಕೆಳತುಟಿ ಒಳಗೆ ಸೇರುತ್ತಿತ್ತು, ಹಿಂದೆ ಬರುವಾಗ ಹೊರಬರುತ್ತಿತ್ತು. ಅಗಲವಾದ ಮರದ ಸುರುಳಿಯೊಂದು ಅವಳ ಚಪ್ಪಲಿಯ ಹತ್ತಿರ ಬಂದು ಬಿತ್ತು. ಅವಳು ಅದನ್ನೆತ್ತಿ ಮೂಸಿದ್ದನ್ನು ಅವನು ನೋಡಿ, ನೋಡದವನ ಹಾಗೆ ಮತ್ತೆ ಬಗ್ಗಿದ.

"ಇದನ್ನ ಮಾಡುವಾಗ ತಲೆಯೊಳಗೆ ಎಂಥ ಓಡ್ತದೆ?" ಎಂದು ಕೇಳಿದಳು.

"ಎಂಥದೂ ಇಲ್ಲ."

"ಅದು ಹೆಂಗೆ? ನನ್ನ ತಲೆ ಒಂದು ನಿಮಿಷವೂ ಸುಮ್ನಿರೂದಿಲ್ಲ."

ಅವನು ಕೀಸುಳಿಯನ್ನು ಅವಳ ಕೈಗೆ ಕೊಟ್ಟ. ಮೊದಲ ಸಲವೇ ಅದು ಕರ್ ಎಂದು ಕಚ್ಚಿಕೊಂಡಿತು. "ಎದುರು ಎಳೆಗೆ ಹೋದ್ರೆ ಮರ ಹರೀತದೆ, ಈ ಕಡೆಯಿಂದ ನೋಡಿ," ಎಂದು ಹಲಗೆ ತಿರುಗಿಸಿದ. ಅವನ ಕೈ ಅವಳ ಕೈಯ ಪಕ್ಕಕ್ಕೆ ಬಂದು, ಒಂದು ಬೆರಳಿನಷ್ಟು ಜಾಗ ಬಿಟ್ಟು ನಿಂತಿತು. ಆ ಒಂದು ಬೆರಳು ಜಾಗ ಅವಳ ಮೈಯೆಲ್ಲ ಬೆಚ್ಚಗೆ ಮಾಡಿತು. ಆಮೇಲೆ ಸುರುಳಿ ಬಿಡತೊಡಗಿತು, ಒಂದು, ಇನ್ನೊಂದು, ಮತ್ತೊಂದು. ತಲೆಯೆತ್ತಿ ನೋಡಿದರೆ ಮುಕ್ಕಾಲು ಗಂಟೆ ಕಳೆದಿದೆ! ಫೋನಿನಲ್ಲಿ ಶಿಲ್ಪಾ ಅತ್ತಿಗೆಯ ಮೂರು ಮಿಸ್ಡ್ ಕಾಲ್. ಅವಳಿಗೆ ಒಂದೂ ಕೇಳಿರಲಿಲ್ಲ.

ಹೀಗೆ ಆರು ಬುಧವಾರ ಹೋದವು. ಪ್ರತಿ ಸಲವೂ ಪೆಟ್ಟಿಗೆಯಲ್ಲಿ ಏನೋ ಒಂದು ಉಳಿದಿರುತ್ತಿತ್ತು. ಒಂದು ಮೂಲೆ ಕೂಡಿಸಿದ್ದು ಸರಿಯಾಗಲಿಲ್ಲವೆಂದು ಬಿಚ್ಚಿದ್ದ, ಮುಚ್ಚಳ ಕೂದಲೆಳೆಯಷ್ಟು ದಪ್ಪವೆಂದು ಮತ್ತೆ ಕೀಸಿದ್ದ. "ಇಷ್ಟೊತ್ತಿಗೆ ಅಂವ ಮಂಚವೇ ಮಾಡ್ಬಹುದಿತ್ತು," ಎಂದು ಅತ್ತಿಗೆ ಕಣ್ಣು ಮಿಟುಕಿಸಿದಳು. "ನಿನ್ನ ಬರ್ಸೂಕೆ ಉಪಾಯ, ಮತ್ತೆಂಥದು?" ಅನುಶ್ರೀ ಹುಸಿಮುನಿಸಿನಿಂದ ಎದ್ದು ಹೋದಳು. ಆದರೆ ಆ ಮಾತು ಮನಸ್ಸಿನಲ್ಲಿ ಹೂವಿನ ಹಾಗೆ ಕೂತುಬಿಟ್ಟಿತು. ಏಳನೇ ಬುಧವಾರ ಕೇಳಿಯೇಬಿಡುವುದೆಂದು ಒಳ್ಳೆಯ ಚೂಡಿದಾರ ಹಾಕಿಕೊಂಡು ಹೋದಳು.

"ಇಷ್ಟು ನಿಧಾನ ಎಂತಕ್ಕೆ ಅಂತ ನಂಗೆ ಗೊತ್ತು," ಎಂದಳು, ಮುಖ ಬಾಗಿಲ ಕಡೆ ತಿರುಗಿಸಿಕೊಂಡು. "ನಾ ಬರ್ಲಿ ಅಂತ, ಅಲ್ದಾ?"

ವಿಶ್ವೇಶ್ವರ ಸುಳ್ಳು ಹೇಳಲು ಬಾರದ ಮನುಷ್ಯ. ನಿಜವಾಗಿ ಯೋಚಿಸಿದ. "ಇಲ್ಲ," ಎಂದ. "ನಾ ಯಾವಾಗ್ಲೂ ಹಂಗೇ. ಬಸ್ಸಲ್ಲಿ ಆರು ದಿನ ಗಲಾಟೆ. ಇಲ್ಲಿ ಕೂತ್ರೆ ಎಲ್ಲ ಇಳ್ದು ಹೋಗ್ತದೆ. ಬೇಗ ಮುಗಿಸೂದು ಎಂತಕ್ಕೆ? ಯಾರು ಬಂದ್ರೂ ಬರ್ದಿದ್ರೂ ನಾ ಹಿಂಗೇ ಮಾಡ್ತೆ."

ಯಾರು ಬಂದ್ರೂ ಬರ್ದಿದ್ರೂ. ಅನುಶ್ರೀಗೆ ಕೇಳಿದ್ದೇ ತಪ್ಪಾಯಿತು ಅನಿಸಿತು. "ಪೆಟ್ಟಿಗೆ ಆದಾಗ ಆನಂದನ ಅಂಗ್ಡೀಲಿ ಇಡಿ," ಎಂದು ಹೇಳಿ ಹೊರಟಳು. ದಾರಿಯಲ್ಲಿ ಕಣ್ಣು ಒರೆಸಿಕೊಂಡಳು, ಧೂಳು ಬಿತ್ತೆಂದು ತನಗೆ ತಾನೇ ಹೇಳಿಕೊಂಡಳು.

ಮೂರು ವಾರ ಅವಳು ಅವನ ಬಸ್ಸು ಬಿಟ್ಟು ಅದರ ಹಿಂದೆ ಬರುವ ಬಸ್ಸು ಹತ್ತಿದಳು. ಮರದ ಮುಂದೆ ತಾನು ಯಾರೂ ಅಲ್ಲ ಎಂಬುದು ಅವಳಿಗೆ ಚುಚ್ಚುತ್ತಿತ್ತು. ಅವನ ಮನಸ್ಸಿನಲ್ಲಿ ತನಗೆ ಜಾಗ ಉಂಟೋ ಇಲ್ಲವೋ, ಅವಳಿಗೆ ಗೊತ್ತಾಗಬೇಕಾದದ್ದು ಅದೊಂದೇ. ಹೋಗಿ ಎರಡನೇ ಸಲ ಕೇಳಲು ಮಾತ್ರ ಸ್ವಾಭಿಮಾನ ಬಿಡಲಿಲ್ಲ.

ನಾಲ್ಕನೇ ಬುಧವಾರ ಊರಿನವರು ಅವಳನ್ನು ಕರೆದರು. ಮನ್ಮನೆಯ ಬಸ್ ತಂಗುದಾಣದ ಕಲ್ಲುಗೋಡೆಯಲ್ಲಿ ತುಡುವೆ ಜೇನು ಕೂತಿದೆ, ತೆಗೆಯದಿದ್ದರೆ ಯಾರಾದರೂ ಬೆಂಕಿ ಹಿಡಿಯುತ್ತಾರೆ ಎಂದರು. ಮಧ್ಯಾಹ್ನ ಅವಳು ಬರಿಗೈಯನ್ನು ಮೊಣಕೈವರೆಗೆ ಸಂದಿಯೊಳಗೆ ತೂರಿಸಿ, ಮೇಣದ ಎರಿಗಳನ್ನು ಬಿಡಿಸಿ, ಬಾಳೆನಾರಿನಿಂದ ಪೆಟ್ಟಿಗೆಯ ಫ್ರೇಮಿಗೆ ಕಟ್ಟುತ್ತಿದ್ದಾಗ ಬಸ್ಸು ಬಂದು ನಿಂತಿತು. ಇಳಿದವನು ವಿಶ್ವೇಶ್ವರ. ಖಾಕಿ ಇಲ್ಲ, ನೀಲಿ ಅಂಗಿ. ಎದೆಗೆ ಅವುಚಿಕೊಂಡ ಪೆಟ್ಟಿಗೆ.

"ಅಲ್ಲೇ ನಿಲ್ಲಿ!" ಎಂದಳು ಅವಳು. "ಅಲ್ಲಾಡಬೇಡಿ. ಹುಳ ಎದ್ದಿವೆ."

ಅವನು ನಿಂತ. ಎರಡು ಹುಳ ಅವನ ಮಣಿಕಟ್ಟಿನ ಮೇಲೆ ನಡೆದವು. ಬಸ್ಸು ಹೊರಟು ಹೋಯಿತು.

"ಆವತ್ತು ನಾ ಹೇಳಿದ್ದು ಸುಳ್ಳಲ್ಲ," ಎಂದ, ತುಟಿ ಮಾತ್ರ ಅಲ್ಲಾಡಿಸುತ್ತ. "ಹಂಗೇ ಅಂದ್ಕಂಡಿದ್ದೆ. ನೀವು ಬರೂದು ಬಿಟ್ಮೇಲೆ ಮೂರು ಬುಧವಾರ ಕೀಸುಳಿ ಹಿಡ್ದೆ. ಕೈ ಮರದ ಮೇಲೆ, ಕಿವಿ ಗೇಟಿನ ಹತ್ರ. ಎರಡು ಹಲಗೆ ಹಾಳಾದ್ವು."

"ನಿಮ್ಮ ನೆಮ್ಮದಿ ಹಾಳು ಮಾಡ್ದೆ ಅಂತ ದೂರು ಹೇಳೂಕೆ ಬಂದ್ರಾ?"

"ಅಲ್ಲ. ಮರ ಇದ್ರೆ ಸಾಕು, ನೆಮ್ಮದಿ ಬರ್ತದೆ ಅಂತ ತಿಳ್ಕಂಡಿದ್ದೆ. ಆರು ವಾರ ನೀವು ಎದುರಿಗೆ ಕೂತಾಗ ಬಂದದ್ದು ಆಮೇಲೆ ಬರ್ಲೇ ಇಲ್ಲ. ನಂಗೆ ನೀವು ಬೇಕು, ಅನುಶ್ರೀ."

ಅಷ್ಟರಲ್ಲಿ ಅವಳ ಅಂಗೈ ಮೇಲೆ ರಾಣಿಜೇನು ಬಂದಿತ್ತು. ತಾನು ಮನೆಯಿಂದ ತಂದಿದ್ದ ಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, "ಪೆಟ್ಟಿಗೆ ತನ್ನಿ, ಮೆಲ್ಲಗೆ," ಎಂದಳು.

ತಂದ. ಮುಚ್ಚಳ ತೆಗೆದ. "ಚೆಂದ ಆಗ್ಲಿಲ್ಲ. ಈ ಮೂಲೇಲಿ ಸಂದು ಬಿಟ್ಟದೆ. ಬಿಚ್ಚಿ ಮತ್ತೆ ಮಾಡಿದ್ರೆ ಇನ್ನೊಂದು ತಿಂಗ್ಳು. ತಡ್ಕಳೂಕೆ ಆಗ್ಲಿಲ್ಲ."

ಕೂದಲೆಳೆಗೆ ಜಗಳ ಮಾಡುವ ಮನುಷ್ಯ ಸಂದು ಬಿಟ್ಟ ಪೆಟ್ಟಿಗೆ ಹೊತ್ತು ಬಂದಿದ್ದ. ಅವಳು ಬಯಸಿದ್ದ ಉತ್ತರ ಅದಕ್ಕಿಂತ ಸ್ಪಷ್ಟವಾಗಿ ಸಿಗುವ ಹಾಗಿರಲಿಲ್ಲ. "ಅಷ್ಟು ಸಂದಿಗೆ ಜೇನೇ ಮೇಣ ತುಂಬ್ಕಳ್ತವೆ," ಎಂದು ಫ್ರೇಮುಗಳನ್ನು ಇಳಿಸಿ, ರಾಣಿಯನ್ನು ಒಳಗೆ ಬಿಟ್ಟಳು. ಉಳಿದವು ಸಾಲುಗಟ್ಟಿ ಹಿಂದೆ ಹೋದವು. ಹೋಗುವಾಗ ಒಂದು ಅವನ ಹೆಬ್ಬೆರಳಿಗೆ ಕುಟುಕಿತು. ಅವನು ಕಣ್ಣು ಮುಚ್ಚಿದ, ಪೆಟ್ಟಿಗೆ ಅಲ್ಲಾಡಲಿಲ್ಲ.

"ಇನ್ನು ಸಂಜೆವರೆಗೆ ಇದು ಇಲ್ಲೇ ಇರ್ಬೇಕು," ಎಂದಳು ಅವಳು. "ಮೇಯೂಕೆ ಹೋದ ಹುಳ ಎಲ್ಲ ಬರೂವರೆಗೆ ಕಾಯ್ಬೇಕು."

"ಕಾಯ್ತೆ."

ತಂಗುದಾಣದ ಕಟ್ಟೆಯ ಮೇಲೆ ಕೂತು ಅವನ ಹೆಬ್ಬೆರಳಿನ ಮುಳ್ಳನ್ನು ಉಗುರಿನಿಂದ ಕೆರೆದು ತೆಗೆದಳು. ತೆಗೆದಾದ ಮೇಲೂ ಕೈ ಬಿಡಲಿಲ್ಲ. "ನಂಗೂ ನೀವು ಬೇಕು," ಎಂದಳು ಮೆಲ್ಲಗೆ. "ಆದ್ರೆ ಬುಧವಾರ ನಿಮ್ಮದೇ ಇರ್ಲಿ. ನಾ ಸುಮ್ನೆ ಕೂತಿರ್ತೆ, ಇಲ್ಲಾಂದ್ರೆ ನಂಗೂ ಒಂದು ಕೀಸುಳಿ ಕೊಡಿ."

ಅವನು ನಕ್ಕ. ಅವನ ನಗು ಕಣ್ಣಿನಿಂದ ಶುರುವಾಗುತ್ತದೆಂದು ಅವಳಿಗೆ ಇಂದು ಗೊತ್ತಾಯಿತು.

ನಾಲ್ಕು ಗಂಟೆಗೆ ವಾಪಸ್ ಬಸ್ಸು ಬಂತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ, ಕೂಡಿಕೊಂಡ ಕೈಗಳನ್ನು ನೋಡಿ, ಹಾರ್ನ್ ಒತ್ತಿದ. "ವಿಶ್ವಣ್ಣ, ಬರ್ತ್ಯಾ ಹೆಂಗೆ? ಇದೇ ಲಾಸ್ಟು!"

ವಿಶ್ವೇಶ್ವರ ಕೂತಲ್ಲಿಂದ ಏಳಲಿಲ್ಲ. ದಿನಾ ಬಸ್ಸಿನಲ್ಲಿ ಕೂಗುವ ಅದೇ ದೊಡ್ಡ ಗಂಟಲಿನಲ್ಲಿ, "ರೈಟ್! ಹೋಗ್ಲಿ!" ಎಂದು ಕೂಗಿದ.

ಬಸ್ಸು ಹೊರಟಿತು.