ಆನಂದಪ್ಪನ ಡಬ್ಬಿ ಸುಮ್ಮನಾದದ್ದು

ಆನಂದಪ್ಪ ಗಿಟಾರ್ ಮೀಟಿದರು. ಸದ್ದು ಬರಲಿಲ್ಲ.

ಇನ್ನೊಮ್ಮೆ ಮೀಟಿದರು. ಊಹೂಂ. ವಾಲ್ಯೂಮ್ ಪೂರ್ತಿ ತಿರುಗಿಸಿ ರಪರಪ ಬಾರಿಸಿದರು. ಪಕ್ಕದಲ್ಲಿದ್ದ ವಾಲ್ವ್ ಆಂಪ್ಲಿಫೈಯರಿನ ಕೆಂಪು ದೀಪ ಏನೂ ಆಗದ ಹಾಗೆ ಉರಿಯುತ್ತಿತ್ತು. ಶಿಕಾರಿಪುರದ ಆ ಕಲ್ಯಾಣ ಮಂಟಪ ತುಂಬಿ ತುಳುಕುತ್ತಿತ್ತು. ಹಿಂದಿನ ಸಾಲಿನ ಪಡ್ಡೆಗಳು ಸಿಳ್ಳೆ ಹೊಡೆದರು. ಸೊರಬದ ಆನಂದಪ್ಪ ಎಂದರೆ ಈ ಸೀಮೆಯ ಆರ್ಕೆಸ್ಟ್ರಾಗಳಲ್ಲಿ ದೊಡ್ಡ ಹೆಸರು. ಅವರ ಗಿಟಾರಿಗೆ ಆ ದುಂಡನೆಯ ದನಿ ಬರುತ್ತಿದ್ದುದೇ ಗಾಜಿನ ವಾಲ್ವುಗಳ ಆ ಮಣಭಾರದ ಡಬ್ಬಿಯಿಂದ. ಮುಂದಿನ ಸಾಲಿನಲ್ಲಿದ್ದ ದಾವಣಗೆರೆ ಆರ್ಕೆಸ್ಟ್ರಾದ ಅತಿಥಿಗಳು ಮುಖ ಮುಖ ನೋಡಿಕೊಂಡು ಎದ್ದು ಹೋದರು.

ಆನಂದಪ್ಪನವರ ಪಿತ್ತ ನೆತ್ತಿಗೇರಿತು. ಮೈಕ್ ಕಿತ್ತುಕೊಂಡರು.

"ಮುಬಾರಕ್! ಎದ್ದು ನಿಲ್ಲೋ! ನನ್ನ ಅಸಲಿ ವಾಲ್ವ್ ಕದ್ದು ಡೂಪ್ಲಿಕೇಟ್ ಹಾಕಿದೀಯಲ್ಲ, ಎಂತಕ್ಕೆ?"

ಬಸ್ ಸ್ಟ್ಯಾಂಡ್ ಹತ್ತಿರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮುಬಾರಕ್ ಸಭೆಯ ನಡುವೆ ಕೂತಿದ್ದ. ಹಿಂದಿನ ದಿನವಷ್ಟೇ ಆ ಡಬ್ಬಿಗೆ ಹೊಸ ವಾಲ್ಯೂಮ್ ಕಂಟ್ರೋಲ್ ಹಾಕಿಕೊಟ್ಟವನು ಅವನೇ. ಎದ್ದು ನಿಂತ. ನೂರು ಮೊಬೈಲುಗಳು ಅವನ ಕಡೆ ತಿರುಗಿದವು.

ಬಂದೋಬಸ್ತಿಗೆ ಬಂದಿದ್ದ ಹೆಡ್ ಕಾನ್‌ಸ್ಟೇಬಲ್ ಇಶ್ರತ್ ಅವನ ಕೈಚೀಲ ತೆರೆಸಿದಳು. ಕಾಗದದಲ್ಲಿ ಸುತ್ತಿದ ಎರಡು ವಾಲ್ವು ಸಿಕ್ಕವು.

"ಇವು ರೇಡಿಯೋದವು ಆಪಾ," ಎಂದ ಮುಬಾರಕ್. "ನಂಬ್ರಿ."

ಜನ ಹೋ ಎಂದರು. ಇಶ್ರತ್ ಚೀಲ ವಶಕ್ಕೆ ತೆಗೆದುಕೊಂಡಳು, ಸ್ಟೇಜಿನ ಸಾಮಾನು ಯಾರೂ ಮುಟ್ಟದಂತೆ ಮಂಟಪಕ್ಕೆ ಬೀಗ ಹಾಕಿಸಿದಳು. ಬೆಳಿಗ್ಗೆ ಸ್ಟೇಷನ್ನಿಗೆ ಬಾ ಎಂದು ಮುಬಾರಕ್‌ಗೆ ಹೇಳಿದಳು.

* * *

ಬೆಳಗಿನ ಹೊತ್ತಿಗೆ ಆ ವಿಡಿಯೋ ಆನವಟ್ಟಿ ಸಂತೆಯನ್ನೂ ದಾಟಿತ್ತು. ಮುಬಾರಕ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದ. ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುವವರು ಅವನನ್ನೇ ನೋಡುತ್ತಿದ್ದರು. ರಿಪೇರಿಯವನ ಕೈಗೆ ಜನ ಸಾಮಾನು ಕೊಟ್ಟು ಹೋಗುವುದು ನಂಬಿಕೆಯ ಮೇಲೆ. ಕಳ್ಳ ಅನ್ನಿಸಿಕೊಂಡ ಮೇಲೆ ಅವನ ಅಂಗಡಿಯ ಮೆಟ್ಟಿಲು ಹತ್ತುವವರು ಯಾರು?

"ಮುಂಜಾನಿಂದ ಮೂರು ಮಂದಿ ತಮ್ಮ ಮಿಕ್ಸಿ ವಾಪಸ್ ಒಯ್ದರು," ಎಂದ ಮುಬಾರಕ್. "ರಿಪೇರಿ ಆಗಿರಲಿಲ್ಲ. ಹಂಗೇ ಒಯ್ದರು."

ಇಶ್ರತ್ ವೈರ್ ಪರೀಕ್ಷಿಸುವ ಅಪ್ಪನ ಹಳೇ ಮೀಟರನ್ನು ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡಳು. ಅವಳ ಅಪ್ಪ ಮುನೀರ್ ಅಹ್ಮದ್ ಒಂದು ಕಾಲಕ್ಕೆ ಊರಿನ ವಾಲ್ವ್ ರೇಡಿಯೋಗಳಿಗೆಲ್ಲ ಡಾಕ್ಟರು. ಅವರಿಗೆ ಟಾರ್ಚ್ ಹಿಡಿದುಕೊಂಡೇ ಇಶ್ರತ್ ಬೆಳೆದವಳು. ಚೀಲದಲ್ಲಿ ಸಿಕ್ಕ ವಾಲ್ವುಗಳನ್ನೂ ಜೊತೆಗೆ ತೆಗೆದುಕೊಂಡಳು.

* * *

ಮಂಟಪದಲ್ಲಿ ಇಬ್ಬರು ಕಾಯುತ್ತಿದ್ದರು. ಒಬ್ಬರು ಆನಂದಪ್ಪ. ಇನ್ನೊಬ್ಬ ಆನವಟ್ಟಿಯ ಶಿವರಾಮ, ಆನಂದಪ್ಪ ನುಡಿಸುವ ಆರ್ಕೆಸ್ಟ್ರಾದ ಯಜಮಾನ, ಶಾಮಿಯಾನಾ ಮತ್ತು ಸೌಂಡ್ ಸಿಸ್ಟಮ್ಮಿನವನು. ಇಬ್ಬರದೂ ಮೀಸೆ ಮೂಡುವ ಮೊದಲಿನ ಸ್ನೇಹ.

ಇಶ್ರತ್ ಮೊದಲು ಗಿಟಾರನ್ನು ಶಿವರಾಮನ ಸೌಂಡ್ ಮಿಕ್ಸರಿಗೆ ಚುಚ್ಚಿಸಿದಳು. ಸೊಗಸಾಗಿ ನುಡಿಯಿತು. ಗಿಟಾರ್, ಅದರ ವೈರು ಸರಿ ಇದ್ದವು. ಡಬ್ಬಿಯ ಫ್ಯೂಸ್ ತೆಗೆದಳು. ಅದೂ ಸರಿ ಇತ್ತು. ಸ್ವಿಚ್ ಹಾಕಿ ಹಿಂಬದಿಯಿಂದ ಬಗ್ಗಿ ನೋಡಿದಳು. ವಾಲ್ವುಗಳೆಲ್ಲ ಕೆಂಡದ ಬಣ್ಣಕ್ಕೆ ತಿರುಗಿದವು.

"ಗಾಳಿ ಹೊಕ್ಕ ವಾಲ್ವಿನ ನೆತ್ತಿ ಸುಣ್ಣದ ಹಾಗೆ ಬೆಳ್ಳಗಾಗುತ್ತೆ. ಇಲ್ಲಿ ಒಂದೂ ಹಾಗಾಗಿಲ್ಲ," ಎಂದಳು. "ಬುಡ ನೋಡ್ರಿ. ಧೂಳು, ಜಿಡ್ಡು ಸೇರಿ ಗಟ್ಟಿಯಾಗಿ ಕೂತೈತೆ. ವರ್ಷಗಳಿಂದ ಇವನ್ನ ಯಾರೂ ಕಿತ್ತಿಲ್ಲ."

ಆನಂದಪ್ಪ ಬಗ್ಗಿ ನೋಡಿದರು. ಮುಖ ಸಣ್ಣಗಾಯಿತು.

"ಚೀಲದಾಗೆ ಸಿಕ್ಕಿದ್ದು?"

ಅವಳು ಆ ವಾಲ್ವುಗಳನ್ನು ಡಬ್ಬಿಯ ಪಕ್ಕ ಹಿಡಿದಳು. ಅರ್ಧ ಗಾತ್ರ. ಬುಡದ ಪಿನ್ನುಗಳ ಲೆಕ್ಕವೇ ಬೇರೆ. ನಿನ್ನೆಯೇ ಹೀಗೆ ಹಿಡಿದು ನೋಡಬಹುದಿತ್ತು. ಜನರ ಗದ್ದಲಕ್ಕೆ ತಾನೂ ತಲೆಯಾಡಿಸಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಸ್ವಿಚ್ ಆರಿಸಿ, ಡಬ್ಬಿಯಿಂದ ಪಕ್ಕದ ಸ್ಪೀಕರಿಗೆ ಹೋಗುವ ವೈರ್ ಬಿಚ್ಚಲು ಹೋದಳು. ಸಲೀಸಾಗಿ ಬರಲಿಲ್ಲ. ಡಬ್ಬಿಯ ಹಿಡಿಕೆಗೆ ಒಂದು ಸುತ್ತು ಬಂದು ತೂತಿಗೆ ಹೋಗಿತ್ತು. ಬಿಚ್ಚಿ, ಅದರ ತುದಿಗೆ ಟಾರ್ಚಿನ ಸೆಲ್ ಮುಟ್ಟಿಸಿದಳು. ಸ್ಪೀಕರ್ 'ಟಪ್' ಎಂದಿತು.

"ಸ್ಪೀಕರ್ರೂ ಚೆನ್ನಾಗೈತೆ. ಆನಂದಪ್ಪನವರೇ, ನಿನ್ನೆ ಡಬ್ಬಿಯೊಳಗಿಂದ ಏನಾದ್ರೂ ಕೇಳಿಸ್ತಾ?"

"ಸೊಳ್ಳೆ ಹಾಡಿದ ಹಾಗೆ. ನಾ ಬಾರ್ಸಿದ್ದೇ, ತೀರಾ ಸಣ್ಣಕೆ. ಆಮೇಲೆ 'ಟಿಕ್' ಅಂತು. ಅದೂ ನಿಂತೋಯ್ತು."

ಇಶ್ರತ್ ಡಬ್ಬಿಯ ಹತ್ತಿರ ಮೂಗು ತಂದಳು. ವಾರ್ನಿಶ್ ಸುಟ್ಟ ವಾಸನೆ. ಸ್ಪೀಕರಿಗೆ ಸದ್ದು ಕಳಿಸುವ ಟ್ರಾನ್ಸ್‌ಫಾರ್ಮರಿಗೆ ಮೀಟರ್ ಹಚ್ಚಿದಳು. ಮುಳ್ಳು ಅಲುಗಲಿಲ್ಲ. ಒಳಗಿನ ತಂತಿ ಸುಟ್ಟು ತುಂಡಾಗಿತ್ತು.

* * *

"ಸ್ಪೀಕರ್ ವೈರ್ ಯಾರು ಹಾಕಿದ್ದು?"

"ನಾನೇ," ಎಂದರು ಆನಂದಪ್ಪ. "ನನ್ನ ಡಬ್ಬಿ ನಾ ಬಿಟ್ಟು ಬೇರೆ ಯಾರೂ ಮುಟ್ಟಲ್ಲ. ಹಾಕಿ, ನುಡಿಸಿ ನೋಡಿ, ಚಾ ಕುಡಿಯೋಕೆ ಹೋದೆ."

"ಹಿಡಿಕೆಗೆ ಸುತ್ತಿ ಹಾಕಿದ್ರಾ?"

"ಇಲ್ಲಪ್ಪ. ಸೀದಾ."

ಇಶ್ರತ್ ಸ್ಟೇಜಿನ ಉದ್ದಕ್ಕೂ ನಡೆದಳು. ಶಿವರಾಮನ ಸೌಂಡ್ ಬಾಕ್ಸುಗಳು ಸಾಲಾಗಿ ನಿಂತಿದ್ದವು. ಒಂದೊಂದರ ವೈರೂ ಹಿಡಿಕೆಗೆ ಒಂದು ಸುತ್ತು ಬಂದೇ ಒಳಗೆ ಹೋಗಿತ್ತು. ಕುಣಿಯುವವರ ಕಾಲಿಗೆ ಸಿಕ್ಕರೂ ಕಿತ್ತು ಬರಬಾರದು ಎಂದು ಶಾಮಿಯಾನಾದವರು ಮಾಡುವ ಉಪಾಯ ಅದು. ಕೈಗೆ ಕೂತ ಅಭ್ಯಾಸ, ಮನಸ್ಸು ಎಲ್ಲಿದ್ದರೂ ಕೈ ತನ್ನ ಪಾಡಿಗೆ ಸುತ್ತುತ್ತದೆ.

"ಶಿವರಾಮಣ್ಣ," ಎಂದಳು ಮೆಲ್ಲಗೆ. "ವೈರ್ ಕಿತ್ತೋರು ನೀವು. ವಾಪಸ್ ಹಾಕಿದೋರೂ ನೀವೇ. ಸುತ್ತು ಬಿದ್ದಿದ್ದು ವಾಪಸ್ ಹಾಕುವಾಗ."

ಶಿವರಾಮ ಸ್ಟೇಜಿನ ಅಂಚಿಗೆ ಕೂತ.

"ನಿಮ್ಮ ಸೆಟ್ಟುಗಳಲ್ಲಿ ಸ್ಪೀಕರ್ ವೈರ್ ಕಿತ್ತರೆ ಸದ್ದು ನಿಲ್ಲುತ್ತೆ, ಅಷ್ಟೇ. ವಾಲ್ವ್ ಸೆಟ್ ಹಾಗಲ್ಲ. ಸ್ಪೀಕರ್ ಇಲ್ಲದೆ ಜೋರಾಗಿ ನುಡಿಸಿದ್ರೆ ಆ ಶಕ್ತಿಗೆ ಹೋಗೋಕೆ ದಾರಿ ಇರಲ್ಲ, ಟ್ರಾನ್ಸ್‌ಫಾರ್ಮರನ್ನೇ ಸುಡುತ್ತೆ. ಹಾಳು ಮಾಡೋ ಉದ್ದೇಶ ನಿಮಗೆ ಇರಲಿಲ್ಲ. ಹೌದಾ?"

"ದೇವರಾಣೆ ಇರಲಿಲ್ಲ ಮೇಡಂ. ದಾವಣಗೆರೆಯೋರು ಇವನನ್ನ ಕರ್ಕೊಂಡು ಹೋಗೋಕೆ ಬಂದಿದ್ರು. ಒಂದು ಹಾಡು ಕೆಟ್ಟರೆ ಎದ್ದು ಹೋಗ್ತಾರೆ ಅಂದ್ಕೊಂಡೆ. ಹೋದರು. ಇವನು ಮೈಕಲ್ಲಿ ಕೂಗ್ತಾ ಇದ್ದ, ನಾ ಹಿಂದೆ ಹೋಗಿ ವೈರ್ ಹಾಕ್ದೆ. ಬರ್ಲಿಲ್ಲ ಮೇಡಂ... ಎಷ್ಟು ಅಲುಗಾಡಿಸಿದ್ರೂ ದನಿ ಬರ್ಲೇ ಇಲ್ಲ."

"ಮುಬಾರಕ್ ಹೆಸರು ಬಂದಾಗ ಬಾಯಿ ಬಿಡಬಹುದಿತ್ತಲ್ಲ?"



ಆನಂದಪ್ಪ ಬಯ್ಯುತ್ತಾರೆ ಅಂದುಕೊಂಡಿದ್ದಳು ಇಶ್ರತ್. ಅವರು ಗೆಳೆಯನ ಪಕ್ಕದಲ್ಲೇ ಕೂತರು.

"ದಾವಣಗೆರೆಗೆ ಹೋಗೋದು ಅಂತ ಅವರಿಗೆ ಮಾತು ಕೊಟ್ಟಾಗಿತ್ತು ಮಾರಾಯ. ನಿಂಗೆ ಹೇಳೋಕೆ ಮುಖ ಇರ್ಲಿಲ್ಲ. ಹೇಳಿದ್ದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ."

* * *

ಮೂವರೂ ಸ್ಟೇಷನ್ನಿಗೆ ಬಂದರು. ಶಿವರಾಮ ಎಲ್ಲರೆದುರು ತಪ್ಪೊಪ್ಪಿಕೊಂಡ. ಆನಂದಪ್ಪ ಮುಬಾರಕ್ ಮುಂದೆ ನಿಂತು ಕೈ ಮುಗಿದರು.

"ತಪ್ಪಾಯ್ತಪ್ಪ. ಇನ್ನೊಂದು ವಿಡಿಯೋ ಮಾಡಿ ಹೇಳ್ತೀನಿ, ಎಲ್ಲರಿಗೂ ಕಳಿಸ್ತೀನಿ."

"ಕಳಿಸ್ರಿ. ಅದನ್ನ ಯಾರು ನೋಡ್ತಾರೋ ನಂಗೊತ್ತಿಲ್ಲ," ಎಂದ ಮುಬಾರಕ್.

"ಆ ಟ್ರಾನ್ಸ್‌ಫಾರ್ಮರ್... ತಂತಿ ಮತ್ತೆ ಸುತ್ತೋಕೆ ಆಗುತ್ತಾ?"

"ಆಗತೈತಿ. ಈ ಸೀಮೆಯಾಗೆ ಅದನ್ನ ಸುತ್ತಾವ ನಾನೊಬ್ಬನೇ ಇರೋದು."

ಆನಂದಪ್ಪನವರ ಮುಖದಲ್ಲಿ ಆಸೆ ಮೂಡಿತು.

"ನಾನು ಸುತ್ತಲ್ಲ ಆನಂದಪ್ಪನವರೇ," ಎಂದ ಮುಬಾರಕ್. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಡಬ್ಬಿ ಕೆಟ್ಟಾಗೆಲ್ಲ ನನ್ನ ಮಗನೇ ಕೆಮ್ಮಿದಂಗೆ ರಾತ್ರಿ ಎದ್ದು ಕೂತು ರಿಪೇರಿ ಮಾಡೀನಿ. ಅದು ಸುಮ್ಮನಾದಾಗ ನಿಮ್ಮ ಬಾಯಾಗೆ ಮೊದಲು ಬಂದಿದ್ದು ನನ್ನ ಹೆಸರು."

ಇಶ್ರತ್ ಚೀಲ ತಂದುಕೊಟ್ಟಳು. "ನಂದೂ ತಪ್ಪೈತಿ ಮುಬಾರಕ್. ವಾಲ್ವು ಸರಿಯಾಗಿ ನೋಡದೇ ನಿನ್ನನ್ನ ಕರೆಸಿದೆ."

"ಇರ್ಲಿ ಬಿಡ್ರಿ ಆಪಾ," ಎಂದ ಅವನು. ಆದರೆ ಅವಳ ಮುಖ ನೋಡಲಿಲ್ಲ. ಎದುರಿನ ಹೋಟೆಲಿನವರು ನೋಡುತ್ತಿದ್ದಂತೆಯೇ ರಸ್ತೆ ದಾಟಿ, ಅಂಗಡಿಯ ದಾರಿ ಬಿಟ್ಟು ಮನೆಯ ಕಡೆ ನಡೆದ.