ಫ್ರೋಸೊಳ ಉಗ್ರಾಣದ ಗೋಡೆ

ಮೊದಲು ಆಲಿವ್ ಜಾಡಿ ನಡುಗಿತು.

ಆಮೇಲೆ ಅದರ ಪಕ್ಕದ ಟೊಮೆಟೊ ಜಾಡಿ. ಉಪ್ಪಿನ ಡಬ್ಬಿ ಹಿಡಿದುಕೊಂಡೇ ಫ್ರೋಸೊ ಕಿವಿಗೊಟ್ಟು ನಿಂತಳು. ಧಡ್... ಧಡ್... ಸದ್ದು ಗೋಡೆಯೊಳಗಿಂದಲೇ ಬರುತ್ತಿತ್ತು. ಜಾಡಿಗಳನ್ನು ಎತ್ತಿಡೋಣವೆಂದು ಅವಳು ಕೈ ಚಾಚುವಷ್ಟರಲ್ಲಿ ಗೋಡೆ ಬಿರಿದು, ಹಾರೆಯ ತುದಿಯೊಂದು ಅವಳ ಉಗ್ರಾಣದೊಳಕ್ಕೆ ನುಗ್ಗಿತು.

ಆಲಿವ್ ಜಾಡಿ ಬಿದ್ದು ಚೂರಾಯಿತು. ಹಾರೆ ಹಿಂದೆ ಸರಿಯಿತು. ಆ ತೂತಿನಲ್ಲಿ ಒಂದು ಮುಖ ಕಾಣಿಸಿತು. ಹಣೆಯಿಂದ ಗಲ್ಲದವರೆಗೆ ಕೆಂಪು ಧೂಳು, ಅದರ ನಡುವೆ ಎರಡು ತಿಳಿಗಣ್ಣು.

"ಕ್ಷಮಿಸಿ," ಅಂದಿತು ಮುಖ. "ಗೋಡೆ ಇನ್ನೂ ದಪ್ಪ ಇರತ್ತೆ ಅಂದ್ಕೊಂಡಿದ್ದೆ."

ಕೂಬರ್ ಪೀಡಿಯಲ್ಲಿ ಹೀಗಾಗುವುದುಂಟು. ಓಪಲ್ ಎಂಬ ಬೆಲೆಬಾಳುವ ಕಲ್ಲು ಅಗೆಯಲು ಬಂದು, ಮರುಭೂಮಿಯ ಬಿಸಿಲು ತಾಳಲಾರದೆ ಗುಡ್ಡ ಕೊರೆದು ಒಳಗೇ ಮನೆ ಮಾಡಿಕೊಂಡವರ ಊರದು. ಒಂದೇ ಗುಡ್ಡವನ್ನು ಈಚೆಯಿಂದ ಒಬ್ಬರು, ಆಚೆಯಿಂದ ಇನ್ನೊಬ್ಬರು ಕೊರೆದಿರುತ್ತಾರೆ. ಮುನಿಸಿಕೊಂಡು ಬೆನ್ನು ಮಾಡಿ ಮಲಗಿದ ಗಂಡಹೆಂಡಿರ ಹಾಗೆ, ಮಾತಿಲ್ಲದಿದ್ದರೂ ಒಬ್ಬರು ಮಗ್ಗುಲಾದರೆ ಇನ್ನೊಬ್ಬರಿಗೆ ಗೊತ್ತಾಗುತ್ತದೆ.

ಆ ಮುಖ ಫ್ರೋಸೊಗೆ ಹೊಸದೇನಲ್ಲ. ಗುಡ್ಡದ ಆಚೆ ಮಗ್ಗುಲಿನ ವಿಂಕೊ, ಗಣಿ ಯಂತ್ರಗಳನ್ನು ರಿಪೇರಿ ಮಾಡುವವನು. ಅವನ ಹೆಂಡತಿ ಹುಲ್ಲು ಬೆಳೆಯುವ ಊರೇ ಬೇಕೆಂದು ಅಡಿಲೇಡಿಗೆ ಹೊರಟುಹೋಗಿ ಎಷ್ಟೋ ವರ್ಷವಾಗಿತ್ತು. ಫ್ರೋಸೊ ನೀರಿನ ಲಾರಿ ಓಡಿಸುವವಳು. ಅವನ ಟ್ಯಾಂಕಿಗೂ ನೀರು ತುಂಬಿಸುತ್ತಿದ್ದಳು. ಅವನು ಟೋಪಿ ಎತ್ತುತ್ತಿದ್ದ, ಇವಳು ಹಾರ್ನ್ ಹೊಡೆಯುತ್ತಿದ್ದಳು. ಅವರ ಪರಿಚಯ ಅಷ್ಟೇ.

ಆದರೆ ಒಡೆದದ್ದು ಎಂಥ ಗೋಡೆ!

ಅಪ್ಪ ಗಣಿ ಬಿಟ್ಟು ಮೆಲ್ಬರ್ನಿಗೆ ಗಂಟು ಕಟ್ಟಿದಾಗ, ನಾನು ಬರುವುದಿಲ್ಲ ಎಂದು ನಿಂತ ಹುಡುಗಿ ಅವಳು. ಹಗಲು ಲಾರಿ, ಸಂಜೆ ಗುದ್ದಲಿ. ಅಡುಗೆಮನೆ, ಮಲಗುವ ಕೋಣೆ, ಉಗ್ರಾಣ, ಎಲ್ಲವೂ ಅವಳ ಕೈಯಿಂದಲೇ ಎದ್ದವು. ಮದುವೆಯಾಗುತ್ತೇನೆಂದು ಬಂದ ಇಬ್ಬರೂ ಇಟ್ಟಿಗೆ ಮನೆಗೆ ಬಾ ಎಂದಿದ್ದರು. ಇಬ್ಬರನ್ನೂ ಬಾಗಿಲ ತನಕ ಬೀಳ್ಕೊಟ್ಟಿದ್ದಳು. ಐವತ್ತು ದಾಟಿದ ಮೇಲೂ ಆ ಮಾತು ಹೇಳುವಾಗ ಅವಳ ಕತ್ತು ನೆಟ್ಟಗಾಗುತ್ತಿತ್ತು.

ಆ ಕತ್ತು ಈಗ ತೂತಿನತ್ತ ಬಾಗಿತು.

"ನನ್ನ ಮನೆ ಗೋಡೆಯಲ್ಲಿ ಕಲ್ಲು ಹುಡುಕ್ತಿದ್ದೀಯಾ?"

"ಇಲ್ಲ... ಗೋಡೆ ರಿಪೇರಿ..."

"ಓಪಲ್ ಕೆರೆಯೋರೆಲ್ಲ ಹೇಳೋದು ಅದನ್ನೇ. ಇಲಿ ನೀನು."

ಆ ಊರಿನಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. ಇನ್ನೊಬ್ಬರ ಜಾಗಕ್ಕೆ ಕದ್ದು ಇಳಿದು ಕಲ್ಲು ಕೆರೆದುಕೊಂಡು ಹೋಗುವವನಿಗೆ ಇಲಿ ಎನ್ನುತ್ತಾರೆ. ಆ ಮಾತಿಗೆ ಬಾರುಗಳಲ್ಲಿ ಹಲ್ಲು ಉದುರಿವೆ.

ವಿಂಕೊ ಏನೋ ಹೇಳಲು ಬಾಯಿ ತೆರೆದ. ಅವಳ ಮುಖವನ್ನೇ ನೋಡಿದ. ಬಾಯಿ ಮುಚ್ಚಿಕೊಂಡ.

"ನಿಮ್ಮ ಗೋಡೆ ನಾನೇ ಸರಿ ಮಾಡಿಕೊಡ್ತೀನಿ," ಅಂದ ಕೊನೆಗೆ.

"ನನ್ನ ಗೋಡೆಗೆ ನನ್ನ ಕೈ ಇದೆ."

ತೂತಿನ ಮೇಲೆ ಹಲಗೆ ಇಟ್ಟು ಮೊಳೆ ಹೊಡೆದಳು.

ಸಿಮೆಂಟು ತರಲು ಹೋದಾಗ ಹಾರ್ಡ್‌ವೇರ್ ಅಂಗಡಿಯ ಡಾಟ್ ಮುದುಕಿಗೆ ಎಲ್ಲ ಹೇಳಿಬಿಟ್ಟಳು. ಡಾಟ್ ಕನ್ನಡಕ ಮೂಗಿಗಿಳಿಸಿ, ಇಲಿ ಎಲ್ಲಾದರೂ ಹಾಡುಹಗಲಲ್ಲಿ ಇಷ್ಟು ಸದ್ದು ಮಾಡಿಕೊಂಡು ಬರುತ್ತದಾ ಎಂದು ಕೇಳಿದಳು. ಫ್ರೋಸೊಗೆ ಆ ಪ್ರಶ್ನೆ ಹಿಡಿಸಲಿಲ್ಲ. ಅಂಗಡಿಯಲ್ಲಿದ್ದ ಉಳಿದವರಿಗೆ ಮಾತ್ರ ಸುದ್ದಿ ಚೆನ್ನಾಗಿ ಹಿಡಿಸಿತು. ಆ ಶುಕ್ರವಾರ ಕ್ಲಬ್ಬಿನಲ್ಲಿ ವಿಂಕೊ ಇಸ್ಪೀಟಿನ ಮೇಜಿಗೆ ಬಂದು ಕೂತಾಗ ಮೂವರೂ ಗ್ಲಾಸು ಎತ್ತಿಕೊಂಡು ಎದ್ದು ಹೋದರಂತೆ. ಅವನು ಒಬ್ಬನೇ ಎಲೆಗಳನ್ನು ಕಲಸಿ, ಕಟ್ಟಿಟ್ಟು, ಮನೆಗೆ ನಡೆದನಂತೆ.

ಕೇಳಿದಾಗ ಫ್ರೋಸೊಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಅದಕ್ಕಿಂತ ದೊಡ್ಡ ಚಿಂತೆಯೊಂದು ಉಗ್ರಾಣದಲ್ಲಿ ಕೂತಿತ್ತು. ಹಲಗೆ ತೆಗೆದು ಕಲ್ಲುಪುಡಿಗೆ ಸಿಮೆಂಟು ಕಲಸಿ ಮೆತ್ತಿದರೆ, ಬೆಳಗಾಗುವಷ್ಟರಲ್ಲಿ ಅದು ಹಸಿ ಹಿಟ್ಟಿನ ಹಾಗೆ ಜಾರಿ ನೆಲಕ್ಕೆ ಬಿದ್ದಿರುತ್ತಿತ್ತು. ಮತ್ತೆ ಮೆತ್ತಿದಳು. ಮತ್ತೆ ಬಿತ್ತು. ಒಗೆದ ಬಟ್ಟೆ ಹಗ್ಗಕ್ಕೆ ಹಾಕುವ ಮೊದಲೇ ಒಣಗುವ ಊರು ಅದು. ಅಂಥಲ್ಲಿ ಅವಳು ಕಟ್ಟಿದ ಗೋಡೆ ಒಣಗುವುದಿಲ್ಲವೇ?

ಆಚೆಯಿಂದ ನೀರು ಹೊಯ್ಯುತ್ತಿದ್ದಾನೆ... ಮತ್ತೇನು!

ಲಾರಿಯನ್ನೂ ಹತ್ತದೆ ಗುಡ್ಡ ಸುತ್ತಿ ನಡೆದೇ ಹೋದಳು, ಬೈಗುಳಗಳನ್ನು ಒಂದೊಂದಾಗಿ ಜೋಡಿಸಿಕೊಳ್ಳುತ್ತ.

ವಿಂಕೊ ಬಾಗಿಲು ತೆರೆದ. ಅವಳು ಅವನನ್ನು ಸರಿಸಿಕೊಂಡೇ ಒಳಗೆ ನಡೆದಳು. ಹಿಂದಿನ ಕೋಣೆಯ ಬಾಗಿಲಲ್ಲಿ ಕಾಲು ತಾನೇ ನಿಂತಿತು.

ಮಂಚ ಅಡುಗೆಮನೆಗೆ ಸರಿದಿತ್ತು. ಗೋಡೆಯ ಅರ್ಧದವರೆಗೆ ತೇವಕ್ಕೆ ಉಪ್ಪು ಬಿಳಿಯಾಗಿ ಮೂಡಿ ಹೊಟ್ಟು ಏಳುತ್ತಿತ್ತು. ಕೊಳೆತ ಕಲ್ಲನ್ನು ಕೆತ್ತಿ ಕೆತ್ತಿ ಒಂದು ಕಾಲುವೆ ತೋಡಿದ್ದ. ಅದು ಬಾಗಿಲಿನ ಕಡೆಗೆ ಇಳಿಜಾರಾಗಿ ಹೋಗಿತ್ತು. ಕೆಳಗೆ ಬಕೆಟ್ಟು. ಟಪ್... ಟಪ್...

ಜೋಡಿಸಿಟ್ಟ ಬೈಗುಳಗಳೆಲ್ಲ ಎಲ್ಲಿಗೆ ಹೋದವೋ.

ನೀರಿನ ವಿಷಯದಲ್ಲಿ ಅವಳಿಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ನೀರು ಎಲ್ಲಿಂದ ಇಳಿದು ಬಂದಿದೆ ಎಂದು ಮನಸ್ಸಲ್ಲೇ ಮೇಲೆ ಹತ್ತಿದಳು. ಗುಡ್ಡದ ನೆತ್ತಿಯಲ್ಲಿ ಅವಳದೇ ಟ್ಯಾಂಕು. ಅಲ್ಲಿಂದ ಹಿತ್ತಲ ಕಲ್ಲು ಸೀಳಿ ತಾನೇ ಕೂರಿಸಿದ ಪೈಪು. ಈ ಊರಿನಲ್ಲಿ ಒಂದು ಹನಿ ಸೋರದ ಪೈಪು ನನ್ನದೊಂದೇ ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ ಪೈಪು! ಇತ್ತೀಚೆಗೆ ಟ್ಯಾಂಕು ಬೇಗ ಬರಿದಾಗುತ್ತಿದ್ದದ್ದು ಈಗ ನೆನಪಾಯಿತು. ಬಿಸಿಲಿಗೆ ಎಂದುಕೊಂಡು ಸುಮ್ಮನಿದ್ದಳು.

"ಇದು ನನ್ನ ನೀರು," ಅಂದಳು. ಸ್ವರ ಅವಳದಾಗಿರಲಿಲ್ಲ.

ವಿಂಕೊ ಬಕೆಟ್ಟನ್ನು ಹನಿಯ ಕೆಳಗೆ ಸರಿಯಾಗಿ ಸರಿಸಿದ.

"ನಿನಗೆ ಗೊತ್ತಿತ್ತು."

"ಚಳಿಗಾಲದಿಂದ. ಬೆಳಿಗ್ಗೆ ನೀವು ಕಾಫಿಗೆ ನಲ್ಲಿ ತಿರುಗಿಸ್ತೀರಲ್ಲ, ಆಗ ನೀರೆಲ್ಲ ಆ ಕಡೆ ಹರಿದು ಈ ತೊಟ್ಟಿಕ್ಕೋದು ನಿಲ್ಲತ್ತೆ. ಓ, ಎದ್ದರು ಅಂದ್ಕೊಂಡು ನಾನೂ ಕಾಫಿಗೆ ಇಡ್ತೀನಿ."

"ಮತ್ತೆ ಯಾಕೆ ಬಂದು ಹೇಳಲಿಲ್ಲ?"

"ಊರಲ್ಲಿ ಯಾರ ನಲ್ಲಿ ಸೋರಿದ್ರೂ ಬೈಯೋರು ನೀವು. ನಿಮ್ಮದೇ ಸೋರ್ತಿದೆ ಅನ್ನೋ ಮಾತು ನನ್ನ ಬಾಯಿಂದ ಬರೋದು ಬೇಡ ಅನ್ನಿಸ್ತು. ಕಾಲುವೆ ತೋಡಿ ನೀರು ಹೊರಗೆ ಬಿಟ್ಟರೆ ಆಯ್ತು ಅಂತಿದ್ದೆ. ಹಾರೆ ಸ್ವಲ್ಪ ಜಾಸ್ತಿನೇ ಹೋಯ್ತು."

"ಇಲಿ ಅಂದಾಗಲೂ ಹೇಳಲಿಲ್ಲ ನೀನು."

"ಆಗ ನಾಲಿಗೆ ತುದಿಗೆ ಬಂದಿತ್ತು, ಸುಳ್ಳು ಯಾಕೆ," ಎಂದು ವಿಂಕೊ ಮೊದಲ ಸಲ ನಕ್ಕ.

ಅವಳಿಗೆ ನಗು ಬರಲಿಲ್ಲ. ಗೋಡೆ ಮುಟ್ಟಿ ಉಪ್ಪು ಮೆತ್ತಿದ ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ರಭಸದಿಂದ ಧುಮುಕಿತು. ಟ್ಯಾಂಕಿನ ನೀರು ಹಾಗೆ ಬರುವುದಿಲ್ಲ. ಅದು ಊರಿನ ಕೊಳಾಯಿಯ ನೀರು.

"ನಿನ್ನ ಮನೆಗೆ ಕೊಳಾಯಿ ಇದೆಯಾ?"

"ಇದೆ..."

"ಯಾವಾಗಿಂದ?"

"ಮನೆ ತಗೊಂಡಾಗಿಂದ."

"ಮತ್ತೆ ತಿಂಗಳು ತಿಂಗಳೂ ನನ್ನ ಲಾರಿ ಕರೆಸೋದು?"

ವಿಂಕೊ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಅದು... ಗಿಡಕ್ಕೆ."

ಅವಳು ಬಾಗಿಲಾಚೆ ನೋಡಿದಳು. ಅಂಗಳದ ತುಂಬ ಕಲ್ಲು, ಕೆಂಪು ಮಣ್ಣು, ತುಕ್ಕು ಹಿಡಿದ ಯಂತ್ರಗಳು. ಒಂದು ಮೂಲೆಯಲ್ಲಿ, ಎಣ್ಣೆ ಡಬ್ಬಿಯಲ್ಲಿ, ಒಂದೇ ಒಂದು ಜೆರೇನಿಯಂ ಗಿಡ. ಅದರಲ್ಲಿ ಎರಡು ಹೂವು.

ಲಾರಿಯಷ್ಟು ನೀರು... ಆ ಡಬ್ಬಿಗೆ!

ಫ್ರೋಸೊ ಹೊರಟುಬಿಟ್ಟಳು. ಗುಡ್ಡ ಸುತ್ತಿ ಮನೆ ಸೇರುವ ತನಕ ಕಣ್ಣೊರೆಸಿಕೊಳ್ಳಲಿಲ್ಲ. ಯಾರಾದರೂ ನೋಡಿದರೆ ಧೂಳು ಎನ್ನಬಹುದಿತ್ತು. ಒರೆಸಿಕೊಂಡರೆ ಅಳು ಎಂದು ಗೊತ್ತಾಗುತ್ತಿತ್ತು.

ಆದರೆ ಈ ಭಾರ ಹೊತ್ತು ಮಲಗುವುದು ಹೇಗೆ? ಒಬ್ಬ ಮನುಷ್ಯ ಅವಳ ಹೆಮ್ಮೆ ಉಳಿಯಲೆಂದು ತನ್ನ ಮಾನವನ್ನೇ ಕೊಟ್ಟಿದ್ದ. ಅವಳೂ ಬಾಯಿ ಮುಚ್ಚಿಕೊಂಡಿದ್ದರೆ ಆ ಪೈಪಿನ ಕಥೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹಾಗೆ ಉಳಿಸಿಕೊಂಡ ಹೆಮ್ಮೆಯನ್ನು ಹೊತ್ತು ತಿರುಗುವುದು ಹೇಗೆ?

ಮುಂದಿನ ಶುಕ್ರವಾರ ಹಸಿರು ಅಂಗಿ ಹಾಕಿಕೊಂಡು, ಕೂದಲು ಬಿಗಿದು ಕಟ್ಟಿ, ಕ್ಲಬ್ಬಿನ ನಟ್ಟನಡುವೆ ಹೋಗಿ ನಿಂತಳು. ಗ್ಲಾಸಿಗೆ ಚಮಚ ಬಡಿಯುವ ಅಗತ್ಯವಿರಲಿಲ್ಲ. ಅವಳು ನಿಂತ ರೀತಿಗೇ ಸದ್ದು ಅಡಗಿತು. ಮೂಲೆಯಲ್ಲಿ ಒಬ್ಬನೇ ಕೂತಿದ್ದ ವಿಂಕೊ ಬೇಡವೆಂದು ತಲೆಯಾಡಿಸಿದ. ಅವಳು ಅವನನ್ನು ನೋಡದಂತಿದ್ದಳು.

"ನನ್ನ ಪೈಪು ಸೋರಿದೆ," ಅಂದಳು. "ಚಳಿಗಾಲದಿಂದ ಸೋರಿದೆ. ವಿಂಕೊ ಮನೆ ಹಾಳಾಗಿದ್ದು ನನ್ನ ನೀರಿಂದ. ಅವನಿಗೆ ನಾನು ಒಂದು ಮಾತು ಅಂದೆ, ನೀವೆಲ್ಲ ಅದನ್ನ ನಂಬಿದ್ರಿ. ಆ ಮಾತು ವಾಪಸ್ ತಗೊಳ್ತಿದ್ದೀನಿ. ಈಗ ನಗೋರು ನಕ್ಕುಬಿಡಿ. ನಾಳೆ ನಿಮ್ಮ ಟ್ಯಾಂಕು ತುಂಬಿಸೋಕೆ ಬರೋಳೂ ನಾನೇ."

ಯಾರೂ ನಗಲಿಲ್ಲ. ಡಾಟ್ ಮುದುಕಿ ಮಾತ್ರ ಒಂದೆರಡು ಸಲ ಕೆಮ್ಮಿದಳು.

ಫ್ರೋಸೊ ಕುರ್ಚಿ ಎಳೆದುಕೊಂಡು ವಿಂಕೊನ ಮೇಜಿಗೆ ಕೂತು, ಎಲೆ ಹಾಕು ಎಂದಳು. ಸ್ವಲ್ಪ ಹೊತ್ತಿಗೆ ಹಿಂದಿನ ವಾರ ಎದ್ದು ಹೋಗಿದ್ದ ಮೂವರೂ ಗ್ಲಾಸು ಹಿಡಿದುಕೊಂಡು ಮೆಲ್ಲಗೆ ವಾಪಸ್ಸು ಬಂದರು.

ಮಾರನೆಯ ದಿನದಿಂದ ಗುಡ್ಡದ ನೆತ್ತಿಯಲ್ಲಿ ಇಬ್ಬರ ಗುದ್ದಲಿ. ಅವನು ಅಗೆದರೆ ಅವಳಿಗೆ ಓರೆ ಕಾಣುತ್ತಿತ್ತು, ಅವಳು ಬೆಸುಗೆ ಹಾಕಿದರೆ ಅವನಿಗೆ ದಪ್ಪ ಕಾಣುತ್ತಿತ್ತು. ಜಗಳವಾಡುತ್ತಲೇ ಹೊಸ ಪೈಪು ಕೂರಿಸಿದರು. ನೀರು ಬಿಟ್ಟು, ಇಬ್ಬರೂ ಮಣ್ಣಿಗೆ ಕಿವಿಯಿಟ್ಟು ಮಲಗಿ ಕೇಳಿದರು. ಸದ್ದಿಲ್ಲ. ಎರಡು ಮುಖಗಳ ನಡುವೆ ಒಂದು ಗೇಣು ಕೆಂಪು ಮಣ್ಣು. ಯಾರೂ ಬೇಗ ಏಳಲಿಲ್ಲ.

ಇನ್ನು ಉಳಿದದ್ದು ತೂತು.

ಅವನ ಗೋಡೆ ಒಣಗಿದ ಮೇಲೆ ಒಂದು ಭಾನುವಾರ ಅವನು ಆಚೆಯಿಂದ ಕರಣೆ ಹಿಡಿದು ನಿಂತ, ಅವಳು ಈಚೆಯಿಂದ. ಕಲಸಿದ ಸಿಮೆಂಟು ತಯಾರಾಗಿತ್ತು. ಅವಳು ಆಲಿವಿನ ಹೊಸ ಜಾಡಿಯೊಂದನ್ನು ತೂತಿನಲ್ಲಿ ದಾಟಿಸಿದಳು.

"ಇದು ಯಾಕೆ?" ಅಂದ ವಿಂಕೊ.

"ಆ ಗಿಡಕ್ಕೆ."

ಅವನು ನಕ್ಕ. ಆ ನಗು ಮುಗಿದ ಮೇಲೂ ಕರಣೆ ಏಳಲಿಲ್ಲ.

"ಫ್ರೋಸೊ, ಇದನ್ನ ಮುಚ್ಚಿಬಿಟ್ರೆ ನೀವು ಕಾಫಿಗೆ ಎದ್ದಿದ್ದು ನನಗೆ ಗೊತ್ತಾಗೋದು ಹೇಗೆ? ಈಗ ತೊಟ್ಟಿಕ್ಕೋದೂ ನಿಂತೋಯ್ತು."

ಅವಳ ಎದೆಯೊಳಗೆ ಏನೋ ಧಡ್ ಎಂದಿತು. ಇಷ್ಟು ವರ್ಷ ತಾನೊಬ್ಬಳೇ ಕಟ್ಟಿ, ತಾನೊಬ್ಬಳೇ ಕಾದ ಗೋಡೆ. ಅದರ ಅಂಚನ್ನು ಅಂಗೈಯಿಂದ ಸವರಿದಳು. ಬೆಚ್ಚಗಿತ್ತು, ಒಣಗಿತ್ತು.

"ಸಿಮೆಂಟು ನಿನ್ನ ಅಂಗಳಕ್ಕೆ ಹಾಕು," ಅಂದಳು. "ಇಲ್ಲಿ ನಾನು ಬಾಗಿಲು ಇಡ್ತೀನಿ. ಚೌಕಟ್ಟು ನಾನೇ ಮಾಡೋದು, ನೀನು ಹಿಡ್ಕೊಂಡಿದ್ರೆ ಸಾಕು."

ವಿಂಕೊ ಕರಣೆಯನ್ನು ಕೆಳಗಿಟ್ಟ. ಆಮೇಲೆ ಕೇಳಿದ, ಮೊದಲ ಸಲ ನೀವು ಎನ್ನದೆ:

"ಚಿಲಕ ಯಾವ ಕಡೆ ಇಡ್ತೀಯ?"

"ನನ್ನ ಕಡೆ."

"ಸರಿ."

"ಹಾಕೋದಿಲ್ಲ," ಅಂದಳು ಫ್ರೋಸೊ, ತೂತಿನಲ್ಲಿ ಕೈ ತೂರಿಸಿ ಅವನ ಕೆನ್ನೆಯ ಧೂಳು ಒರೆಸುತ್ತ. "ಆದ್ರೂ ನನ್ನ ಕಡೆನೇ ಇರಲಿ."